ಬಸವಪ್ರಸಾದ ಮಾಸ್ತರರ ಒನ್ ಮ್ಯಾನ್ ಆರ್ಕೆಸ್ಟ್ರಾ

ಅನಗೋಳದ ಬಸವಪ್ರಸಾದ ಮಾಸ್ತರರಿಗೆ ಯಾರ ಹಂಗೂ ಬೇಡವಾಗಿತ್ತು. ಇಪ್ಪತ್ತೆರಡು ವರ್ಷ ಮದುವೆ, ತೊಟ್ಟಿಲ ಕಾರ್ಯಗಳಲ್ಲಿ ಹಾರ್ಮೋನಿಯಂ ಬಾರಿಸುತ್ತ ಹಾಡಿ ಹೆಸರು ಮಾಡಿದ್ದರು. ಒಂದು ದಿನ, ಮೊದಲಿನಿಂದಲೂ ಅವರ ಮೇಳದಲ್ಲಿದ್ದ ತಬಲಾದ ಈರಣ್ಣ ಎಲ್ಲರೆದುರು, "ಮಾಸ್ತರ, ಸಾಲಿನ ಕೊನಿಗೆ ಭಾಳ ಎಳೀತೀರಿ. ತಾಳ ಜಾರತೈತಿ" ಎಂದುಬಿಟ್ಟ. ಮಾಸ್ತರರು ಕೆಂಡವಾದರು. ಅದು ಎಳೆಯುವುದಲ್ಲ, ಭಾವ! ಡಗ್ಗಾ ಬಡಿಯುವವನಿಗೆ ಭಾವ ಎಂದರೇನು ಗೊತ್ತು?

ಅಂದೇ ಮೇಳ ಮುರಿಯಿತು. ಈರಣ್ಣನ ಹಿಂದೆಯೇ ಕೊಳಲಿನವನೂ ಢೋಲಕಿನವನೂ ಎದ್ದು ಹೋದರು. "ಪೀಡಾ ಕಳೀತು ಬಿಡ" ಎಂದು ಹೆಂಡತಿ ಕಾಂತಾಳಿಗೆ ಹೇಳಿ ಮಾಸ್ತರರು ಹೊಸ ವಿಸಿಟಿಂಗ್ ಕಾರ್ಡ್ ಮಾಡಿಸಿದರು: 'ಒನ್ ಮ್ಯಾನ್ ಆರ್ಕೆಸ್ಟ್ರಾ'. ಕಾರ್ಡೇನೋ ಬಂತು, ಆರ್ಕೆಸ್ಟ್ರಾ ಇನ್ನೂ ಕೊಳ್ಳಬೇಕಿತ್ತು. ಮುಂದಿನ ರವಿವಾರವೇ ಖಾನಾಪುರದಲ್ಲಿ ಚಂಪಾಬಾಯಿಯವರ ಮೊಮ್ಮಗಳು ಶರ್ವರಿಯ ಸಾಕರಪುಡಾ. ಆ ನಿಶ್ಚಿತಾರ್ಥದಲ್ಲಿ ಒಬ್ಬರೇ ಹಾಡಿ ಗೆದ್ದರೆ ಆ ಕಡೆಯ ಮನೆಗಳೆಲ್ಲ ಕರೆಯುತ್ತವೆ. ಸೋತರೆ ಮೇಳದವರ ಮುಂದೆ ತಲೆ ಎತ್ತುವ ಹಾಗಿಲ್ಲ.

ಬೆಳಗಾವಿಯ ವಾದ್ಯದ ಅಂಗಡಿಯಲ್ಲಿ ಮಯೂರಿ ಎಂಬ ಹುಡುಗಿ ಮೂರು ಕೀಬೋರ್ಡುಗಳನ್ನು ಸಾಲಾಗಿ ಇಟ್ಟಳು. "ಇವಕ್ಕ ಅರೇಂಜರ್ ಅಂತಾರ್ರಿ ಸರ್. ಎಡಗೈಲೆ ಒಂದು ಕಾರ್ಡ್ ಹಿಡೀರಿ ಸಾಕು, ತಬಲಾ, ಗಿಟಾರ ಎಲ್ಲಾ ತಾವ ಬಾರಿಸತಾವ."

ಮಾಸ್ತರರು ಜೇಬಿನಿಂದ ತಮ್ಮ ಹೊಸ ವಿಸಿಟಿಂಗ್ ಕಾರ್ಡ್ ತೆಗೆದು ಎಡಗೈಯಲ್ಲಿ ಹಿಡಿದು ನಿಂತರು.

ಮಯೂರಿ ತುಟಿ ಕಚ್ಚಿಕೊಂಡು, "ಕಾರ್ಡ್ ಅಂದ್ರ ಇದರಿ ಸರ್" ಎಂದು ಕೀಬೋರ್ಡಿನ ಮೂರು ಮನೆಗಳನ್ನು ಒಟ್ಟಿಗೆ ಒತ್ತಿ ತೋರಿಸಿದಳು. ಹಿಂದೆ ತಬಲಾ ಶುರುವಾಯಿತು. ಮಾಸ್ತರರೂ ಒತ್ತಿದರು. ಆದರೆ ಹಾಡು ಬಂದೊಡನೆ ಎಡಗೈ ಹಾರ್ಮೋನಿಯಂ ರೂಢಿಯಂತೆ ಕೀಬೋರ್ಡಿನ ಹಿಂದೆ ಹೋಗಿ ಗಾಳಿ ಹಾಕತೊಡಗಿತು. "ಅಲ್ಲೇನೂ ಇಲ್ರಿ ಸರ್" ಎಂದು ಮಯೂರಿ ಆ ಕೈಯನ್ನು ಎರಡು ಸಲ ತಂದು ಮುಂದಿಡಬೇಕಾಯಿತು.

ಕೈ ಹೇಗೋ ಪಳಗಿತು, ತಾಳ ಪಳಗಲಿಲ್ಲ. ಮಾಸ್ತರರು ಸಾಲಿನ ಕೊನೆಯಲ್ಲಿ ಭಾವದಲ್ಲಿ ಮುಳುಗಿ ಏಳುವಷ್ಟರಲ್ಲಿ ಯಂತ್ರ ಮುಂದಿನ ಸಾಲಿನಲ್ಲಿರುತ್ತಿತ್ತು. "ಇದು ಓಡತೈತಿ, ಬ್ಯಾರೇದು ಹಚ್ಚು" ಎಂದರು. ಎರಡನೆಯದೂ ಓಡಿತು. ಆರುನೂರು ತಾಳಗಳಿದ್ದ ಮೂರನೆಯದಕ್ಕೆ, "ಸೊಕ್ಕು ಭಾಳೈತಿ" ಎಂದರು.

"ಸರ್, ಮಷಿನ್ ಓಡೂದಿಲ್ರಿ. ನೀವ ನಿಂದರತೀರಿ."

ಮಾಸ್ತರರ ಕಿವಿ ಬಿಸಿಯಾಯಿತು. ಈರಣ್ಣನ ಮಾತು ಬೇರೆಯವರ ಬಾಯಲ್ಲಿ ಬಂದಿತ್ತು. ಮೂರೂ ಕೀಬೋರ್ಡುಗಳನ್ನು ಮತ್ತೊಮ್ಮೆ ನೋಡಿ ಕೇಳಿದರು: "ನಾ ನಿಂತ್ರ ತಾನೂ ನಿಲ್ಲೂ ಮಷಿನ್ ಇಲ್ಲೇನವಾ?"

"ಇಲ್ರಿ. ತಾಳ ಹಗೂರ, ಜೋರ ಮಾಡಾಕ ಟೆಂಪೊ ಬಟನ್ ಅದ. ಖರೇ, ಅದನ್ನ ಒತ್ತಾಕ ನಿಮ್ಮ ಹಾಡು ಗೊತ್ತಿದ್ದವರು ಬಾಜೂಕ ಒಬ್ಬರು ಬೇಕು."

ಮಾಸ್ತರರು ಆರುನೂರು ತಾಳಗಳನ್ನು ಬಿಟ್ಟು, ಟೆಂಪೊ ಬಟನ್ ಎಲ್ಲಕ್ಕಿಂತ ದೊಡ್ಡದಿದ್ದ ಕೀಬೋರ್ಡನ್ನು ಆರಿಸಿದರು. ಅಲ್ಲಿಂದ ನೆಟ್ಟಗೆ ಈರಣ್ಣನ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, "ಒಂದು ಬಟನ್ ಒತ್ತೂದೈತಿ. ಬರ್ತಿಯೇನು?" ಎಂದರು. ಈರಣ್ಣ ನಗದೆ ಒಪ್ಪಿಕೊಂಡ. ಅವನ ಜಾಗದಲ್ಲಿ ಬೇರೆ ಯಾರಿದ್ದರೂ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಖಾನಾಪುರದ ಮಂಗಲ ಕಾರ್ಯಾಲಯದಲ್ಲಿ ಒಂದು ಕನ್ನಡ, ಒಂದು ಮರಾಠಿ ಹಾಡು ಹೂವೆತ್ತಿದಂತೆ ಮುಗಿದವು. ಮಾಸ್ತರರು ಎಳೆಯುವ ಮುಂಚೆಯೇ ಈರಣ್ಣನ ಬೆರಳು ತಾಳವನ್ನು ನಿಧಾನ ಮಾಡುತ್ತಿತ್ತು. ಅವರು ಭಾವದಿಂದ ಎದ್ದು ಬಂದೊಡನೆ ಮೊದಲಿನ ವೇಗಕ್ಕೆ ತರುತ್ತಿತ್ತು. ಚಂಪಾಬಾಯಿಯವರು ಹತ್ತಿರ ಬಂದರು.

"ಒಬ್ಬರ ಇಷ್ಟೆಲ್ಲಾ ಮಾಡತೀರಲ್ರಿ ಮಾಸ್ತರ! ಈ ಬಾಜೂಕ ಕುಂತವರು ಯಾರು?"

ಸತ್ಯ ನಾಲಿಗೆಯ ತುದಿಗೆ ಬಂದಿತ್ತು. ಒನ್ ಮ್ಯಾನ್ ಎಂಬ ಹೆಮ್ಮೆ ಅದನ್ನು ಹಿಂದಕ್ಕೆ ನೂಕಿತು. "ಇವರಾ? ಮಷಿನ್ ರಿಪೇರಿಯವರು."

ಈರಣ್ಣ ಬಟನ್ ಮೇಲಿದ್ದ ಬೆರಳು ತೆಗೆದು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ.

ಮೂರನೆಯ ಹಾಡಿನ ಮೊದಲ ಸಾಲಿಗೇ ತಾಳ ಮುಂದೆ ಹೋಯಿತು. ಮಾಸ್ತರರು ಬೆನ್ನು ಹತ್ತಿದರು, ಸಿಗಲಿಲ್ಲ. ಎಡಗೈ ಮತ್ತೆ ಹಿಂದೆ ಹೋಗಿ ಗಾಳಿ ಹಾಕತೊಡಗಿತು. ಶರ್ವರಿಯ ಗೆಳತಿಯರು ಕಿಸಕ್ಕೆಂದರು. ಇಪ್ಪತ್ತೆರಡು ವರ್ಷ ತಾವು ಬಿದ್ದಲ್ಲೆಲ್ಲ ಈರಣ್ಣ ಹಿಡಿದು ನಿಲ್ಲಿಸಿದ್ದ, ತಾವು ಅದನ್ನೇ ಭಾವವೆಂದು ತಿಳಿದಿದ್ದರು ಎಂಬುದು ಮಾಸ್ತರರಿಗೆ ಹೊಳೆದು ನಾಚಿಕೆಯಾಯಿತು. ಯಂತ್ರ ನಿಲ್ಲಿಸಿ, ಮೈಕ್ ಹತ್ತಿರಕ್ಕೆ ಎಳೆದುಕೊಂಡರು.

"ತಬಲಾ ಸಾಥ್, ಈರಣ್ಣನವರು" ಎಂದರು.

ಮಂದಿಯೆಲ್ಲ ಕತ್ತು ಉದ್ದ ಮಾಡಿ ವೇದಿಕೆಯ ಮೇಲೆ ತಬಲಾ ಹುಡುಕಿದರು. ಈರಣ್ಣ ಬೆರಳನ್ನು ಬಟನ್ ಮೇಲಿಟ್ಟ. "ಹಾಡ್ರಿ ಮಾಸ್ತರ" ಎಂದ.