ಒಣಗದ ಶಾವಿಗೆ

ಮಗಳು ಅಂಗಡಿಯಿಂದ ತಂದ ಶಾವಿಗೆ ಹುರಿಯುತ್ತಿದ್ದಳು. ತುಪ್ಪದ ವಾಸನೆ ಬಂತು, ಶಾವಿಗೆಯದು ಬರಲೇ ಇಲ್ಲ. ಆ ಪೊಟ್ಟಣವನ್ನು ಬೈಯಲು ಹೋದ ನನಗೆ ಆಲೂರಿನ ಹಳೇ ಕನ್ನಡ ಶಾಲೆಯ ಸಿಟ್ಟು ಮತ್ತೆ ಏರಿತು. ನನ್ನ ಸಿಟ್ಟುಗಳೇ ಹಾಗೆ, ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ.

ಆ ಶಾಲೆಯನ್ನು ನೀವು ನೋಡಿರಲಿಕ್ಕಿಲ್ಲ. ಆಳೆತ್ತರದ ಕಿಟಕಿ, ಮೊಳ ದಪ್ಪದ ಕಲ್ಲುಗೋಡೆ, ನೆಲಕ್ಕೆ ಕರೀ ಬಂಡೆ. ಆ ಬಂಡೆಯ ಮೇಲೆ ಕೂತೇ ನಾನು ಮಗ್ಗಿ ಕಲಿತದ್ದು. ಹದಿಮೂರರ ಮಗ್ಗಿ ಇವತ್ತಿಗೂ ಬರುವುದಿಲ್ಲ; ಅದು ಬಂಡೆಯ ತಪ್ಪಲ್ಲ ಬಿಡಿ. ಬೇಸಿಗೆ ರಜೆ ಬಂತೆಂದರೆ ಮಕ್ಕಳು ಹೊರಗೆ, ಓಣಿಯ ಹೆಂಗಸರು ಒಳಗೆ. ನಮ್ಮೂರ ಬಯಲಲ್ಲಿ ಶಾವಿಗೆ ಹಾಕಿದರೆ ವರ್ಷವಿಡೀ ಧೂಳಿನ ಪಾಯಸ ಉಣ್ಣಬೇಕು. ಆ ಕಟ್ಟಡದೊಳಗೆ ಗಾಳಿ ಆಡುತ್ತದೆ, ಧೂಳು ಬರುವುದಿಲ್ಲ. ಮಣೆ ಓರೆಯಾಗಿಟ್ಟು ಒಬ್ಬಳು ಹಿಟ್ಟು ಹೊಸೆದರೆ, ಇನ್ನೊಬ್ಬಳು ಎಳೆ ಹಿಡಿದು ಕಿಟಕಿಯಿಂದ ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ಹರವುವಳು. ಮದುವೆಯ ಮಾತು, ಸೊಸೆಯ ಚಾಡಿ, ಎಮ್ಮಿಗನೂರು ಸೀರೆಯ ಅಂಚು, ಎಲ್ಲದರ ತೀರ್ಮಾನವೂ ಅಲ್ಲೇ. ಗಡಿಯಾಚೆಯ ಊರು ನೋಡಿ, ಕನ್ನಡದಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಮುಗಿಯುತ್ತಿತ್ತು.

ಮಕ್ಕಳು ಹೊಸ ಕಟ್ಟಡಕ್ಕೆ ಹೋದ ಮೇಲೆ ಒಬ್ಬ ಇಂಜಿನಿಯರ್ ಬಂದ. ಗೋಡೆಗೆ ಆರಾಮಾಗಿ ಬೆನ್ನು ಆನಿಸಿ ನಿಂತು, "ಇದಿ ಪಡಿಪೋತುಂದಮ್ಮಾ" ಅಂದ. ಬಿದ್ದುಹೋಗುತ್ತದಂತೆ! ಕೆಡವಿ ಅಂಗಡಿ ಸಾಲು ಎಬ್ಬಿಸುತ್ತಾರಂತೆ. ಬಾಗಿಲಿಗೆ 'ನಿರುಪಯೋಗಿ ಕಟ್ಟಡ' ಎಂದು ಚೀಟಿ ಬೇರೆ. ನಿರುಪಯೋಗಿ ಯಾರಪ್ಪಾ, ಕಟ್ಟಡವೋ ನೀನೋ? ನನ್ನ ಮೈ ಉರಿದುಹೋಯಿತು. ಓದಿದವರೆಲ್ಲ ಸೇರಿ ಅರ್ಜಿ ಬರೆದೆವು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ನಮ್ಮಪ್ಪನ ತಂಗಿ ಹಂಪಮ್ಮತ್ತೆ ಅರ್ಜಿಯ ಕಡೆ ತಿರುಗಿಯೂ ನೋಡಲಿಲ್ಲ. "ಏಳ್ರೆವ್ವಾ, ಹಿಟ್ಟು ನಾದ್ರಿ" ಅಂದಳು, ಅಷ್ಟೇ. ಬುಲ್ಡೋಜರ್ ಬರುವ ದಿನ ಬೆಳಿಗ್ಗೆ ಶಾಲೆಯೊಳಗೆ ತಲೆ ಎತ್ತಲು ಜಾಗವಿಲ್ಲ. ಹಗ್ಗದ ತುಂಬ ಶಾವಿಗೆ.

ಡ್ರೈವರ್ ಮದ್ದಿಕೇರ ಕಡೆಯ ಹುಡುಗ. ಇಣುಕಿ ನೋಡಿದವನೇ ಬಾಗಿಲಲ್ಲಿ ಚಪ್ಪಲಿ ಬಿಟ್ಟ.

"ತೆಗೀರಿ ಯವ್ವಾ, ಇಂಜಿನಿಯರ್ ಸಾರು ಬೈತಾರ."

"ಹಸಿ ಐತಪ್ಪಾ, ತೆಗೆದ್ರ ಮುದ್ದಿ ಆಗತೈತಿ. ಉಣ್ಣೋ ಅನ್ನದ ಮ್ಯಾಲೆ ಗಾಡಿ ಹೊಡೀತೀಯೇನು? ಹೊಡಿ, ನಾನೂ ನೋಡ್ತೀನಿ!" ಅಂದಳು ಅತ್ತೆ.

ಅವನು ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡು, ಹೊರಗೆ ನಿಂತಿದ್ದ ಇಂಜಿನಿಯರ್ ಕಡೆ ತಿರುಗಿದ. "ನಾ ವಲ್ಲೆ ಸಾರ್. ಅನ್ನಂ ಸಾರ್ ಅದಿ."

ವಾರ ಬಿಟ್ಟು ಇಂಜಿನಿಯರ್ ಮತ್ತೆ ಬಂದ. ಒಣಗಿತೇನಮ್ಮಾ ಎಂದು ಕೇಳಿದ.

"ಎಲ್ಲಿ ಒಣಗತೈತಿ ಸಾರ್" ಅಂದಳು ಅತ್ತೆ.

ಬೆಳಿಗ್ಗೆ ಹಾಕಿದ ಶಾವಿಗೆ ಸಂಜೆಗೆ ಗರಿಗರಿ ಆಗುತ್ತದೆ. ಅವನನ್ನೂ ಒಬ್ಬ ತಾಯಿಯೇ ಸಾಕಿದ್ದು, ಗೊತ್ತಿಲ್ಲದೆ ಇರುತ್ತದೆಯೇ? ತಲೆ ಕೆರೆದುಕೊಂಡು ಹೋದ. ಆಮೇಲೆ ಬಂದಾಗಲೆಲ್ಲ ಅದೇ ಪ್ರಶ್ನೆ, ಅದೇ ಉತ್ತರ. ಅಷ್ಟರಲ್ಲಿ ಶಾಲೆಯೊಳಗೆ ಹೊಲಿಗೆ ಮಷೀನು ಬಂತು, ಸಂಜೆ ಮಕ್ಕಳ ಪಾಠ ಬಂತು, ಮುದುಕರ ಹರಟೆಯೂ ಬಂತು. ಮೂಲೆಯ ಹಗ್ಗ ಮಾತ್ರ ಒಂದು ದಿನವೂ ಖಾಲಿ ಇರಲಿಲ್ಲ. ಕಟ್ಟಡ ಉಳಿಸುತ್ತೇವೆಂಬ ಒಂದು ಆದೇಶ ಮಾತ್ರ ಆ ಮಹಾನುಭಾವರು ಈವರೆಗೆ ಕೊಟ್ಟಿಲ್ಲ.

ಅತ್ತೆ ಈ ಚಳಿಗಾಲದಲ್ಲಿ ತೀರಿಹೋದಳು. ನಿನ್ನೆ ಓಣಿಯಿಂದ ಫೋನು: ಹಗ್ಗ ಖಾಲಿ ಐತಿ, ಸೋಮವಾರ ಗಾಡಿ ಬರತೈತಂತ.

ನಾನು ಆದೋನಿಯಲ್ಲಿ ಕೂತು ಪೊಟ್ಟಣದ ಶಾವಿಗೆ ಮೂಸುತ್ತಿದ್ದೇನೆ! ಹೋಗಿ ಒಲೆ ಆರಿಸಿದೆ. ಮಗಳು ಕಕ್ಕಾಬಿಕ್ಕಿಯಾಗಿ ನೋಡಿದಳು.

"ಏಳವ್ವಾ, ಆಲೂರು ಬಸ್ಸು ಹಿಡಿಯೋಣ. ಹಿಟ್ಟು ನಾದಬೇಕು."