ಮುನಿಆಂಜಿನಪ್ಪನವರು ತಲೆದೂಗಿದ್ದು

೨೦೧೪ರ ರಾಜ್ಯೋತ್ಸವಕ್ಕೆ ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ ನನ್ನ ಭಾಷಣವಿತ್ತು. ಮುಂದಿನ ಸಾಲಿನಲ್ಲಿ, ಪ್ಲಾಸ್ಟಿಕ್ ಕುರ್ಚಿ ತುಂಬಿ ಹೊರಚೆಲ್ಲುವಂಥ ಮೈಯ ಒಬ್ಬರು ಮುಕ್ಕಾಲು ಗಂಟೆ ಕಣ್ಣು ಮುಚ್ಚಿ ತಲೆದೂಗಿದರು. ಇಂಥ ರಸಿಕರಿರುವಾಗ ನಿಲ್ಲಿಸುವುದು ಸರಿಯಲ್ಲವೆಂದು ನಾನು ಇನ್ನೂ ಹತ್ತು ನಿಮಿಷ ಎಳೆದೆ. ವೇದಿಕೆಯಿಂದ ಇಳಿದು ಹೋಗಿ ಕೈಮುಗಿದಾಗ ಪಕ್ಕದಲ್ಲಿದ್ದ ಹಮಾಲಿ ದಸ್ತಗೀರ್ ಆ ರಸಿಕರ ಭುಜ ಅಲುಗಿಸಿದ.

"ಅಣ್ಣಾ, ಏಳಿ, ಮುಗೀತು."

ಕೊಡಿಗೇಹಳ್ಳಿಯ ಮುನಿಆಂಜಿನಪ್ಪನವರು ಇಪ್ಪತ್ತೆರಡು ವರ್ಷದಿಂದ ಅಲ್ಲಿ ಆಲೂಗಡ್ಡೆ ಹರಾಜು ಕೂಗುತ್ತಿದ್ದವರು. ಒಂದು ರಾಶಿಗೆ ಒಂದೇ ಉಸಿರು ಎಂಬುದು ಅವರ ಹೆಮ್ಮೆ. ಆ ವರ್ಷ ಉಸಿರು ಅರ್ಧಕ್ಕೇ ಕೈಕೊಡತೊಡಗಿತ್ತು. ಮೂಟೆಗೆ ಒರಗಿದರೆ ನಿದ್ದೆ. ಒಂದು ಬೆಳಿಗ್ಗೆ ಕೂಗುತ್ತಲೇ ತೂಕಡಿಸಿ, ರಾಶಿ ಯಾರಿಗಾಯಿತೆಂಬುದನ್ನೇ ಮರೆತರು. ಇಬ್ಬರು ವ್ಯಾಪಾರಿಗಳು ರಾಶಿ ತನ್ನದು ತನ್ನದೆಂದು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದುಕೊಂಡರು. ಯುಗಾದಿಯೊಳಗೆ ಸರಿಹೋಗದಿದ್ದರೆ ಬೇರೆಯವರು ಕೂಗಲಿ ಎಂದು ಮಂಡಿಯವರು ಹೇಳಿಬಿಟ್ಟರು.

ಡಾಕ್ಟರು ನಿದ್ದೆಯ ಪರೀಕ್ಷೆ ಮಾಡಿಸಿದರು. ಕತ್ತಿನ ಬೊಜ್ಜು ಒತ್ತಿ ನಿದ್ದೆಯಲ್ಲಿ ಗಂಟೆಗೆ ನಲವತ್ತು ಸಲ ಉಸಿರು ನಿಲ್ಲುತ್ತಿದೆ, ಮೈಯೊಳಗೆ ಉರಿಯೂತ ಬೂದಿಯಡಿಯ ಕೆಂಡದಂತಿದೆ, ಅದನ್ನು ತೋರಿಸುವ ಸಿಆರ್‌ಪಿ ರಕ್ತದಲ್ಲಿ ಏಳು ಇದೆ, ಇಳಿಯಬೇಕು ಎಂದರು. ಮಲಗುವಾಗ ಮೂಗಿಗೆ ಕಟ್ಟಿಕೊಳ್ಳಲು ಗಾಳಿ ಊದುವ ಯಂತ್ರ ಬರೆದುಕೊಟ್ಟರು. ಇದೆಲ್ಲ ಕೇಳಿಸಿಕೊಂಡದ್ದು ಹೆಂಡತಿ ಗೋಪಾಲಮ್ಮ. ಇವರು ಅಲ್ಲೂ ತೂಕಡಿಸಿದ್ದರು.

ಪಕ್ಕದ ಬಡಾವಣೆಯವನಾದ ನಾನು ಸಂಕ್ರಾಂತಿಗೆ ಎಳ್ಳುಬೆಲ್ಲ ಹಿಡಿದು ಅವರ ಮನೆಗೆ ಹೋದೆ. ಮುನಿಆಂಜಿನಪ್ಪನವರು ರಕ್ತದ ಹೊಸ ರಿಪೋರ್ಟನ್ನು ಹೆಮ್ಮೆಯಿಂದ ತೋರಿಸಿದರು.

"ಏಳಿದ್ದಿದ್ದು ಒಂಬತ್ತಕ್ಕೆ ಏರೈತೆ ಸಾರ್."

ಯಾರ್ಡಿನಲ್ಲಿ ಏರಿದ್ದೆಲ್ಲ ಶುಭ. ನಾನೂ ವಿದ್ವಾಂಸನ ಮುಖ ಮಾಡಿಕೊಂಡು ಅಭಿನಂದಿಸಿದೆ.

"ಓದಿದೋರು ನೀವೂ ಇಂಗಂದ್ರೆ ಎಂಗಣ್ಣಾ?" ಎಂದರು ಗೋಪಾಲಮ್ಮ. "ಅದು ಇಳೀಬೇಕು. ಇವ್ರು ಆ ಮಿಷನ್ನ ಡಬ್ಬದಿಂದ ಆಚೆಗೇ ತೆಗ್ದಿಲ್ಲ."

"ಕಟ್ಕೊಂಡ್ರೆ ಎಲ್ಲಿ ಉಸ್ರು ಕಟ್ತದೋ ಅಂತ ಭಯ ಕಣೇ."

"ಈಗೇನ್ ಕಟ್ತಾ ಇಲ್ವಾ? ಒಂದ್ ಉಸ್ರು ನಿಂತ್ರೆ ಇನ್ನೊಂದ್ ಬರೋಗಂಟ ನಾನು ಸೆರಗು ಇಡ್ಕಂಡು ಕೂತಿರ್ತೀನಿ. ಒಂದಿನ ಬರ್ದೇನೇ ಇದ್ರೆ?"

 ಮುನಿಆಂಜಿನಪ್ಪನವರು ಆ ದಿನವೇ ಡಬ್ಬ ಬಿಚ್ಚಿದರು. ಊಟಕ್ಕೆ ಎರಡಿದ್ದ ಮುದ್ದೆ ಒಂದಕ್ಕೆ ಇಳಿಯಿತು. ಯುಗಾದಿಯ ಹೊತ್ತಿಗೆ ಏಳು ಕೆ.ಜಿ. ಕಳೆದು, ಸಿಆರ್‌ಪಿ ಐದಕ್ಕೆ ಬಂತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮಂಡಿಯವರೆಲ್ಲ ನಿಂತು ನೋಡುತ್ತಿದ್ದರು; ನಾನೂ ಹೋಗಿದ್ದೆ. ಮೂಟೆಗಳ ಹಿಂದೆ ಗೋಪಾಲಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಮುನಿಆಂಜಿನಪ್ಪನವರು ಕೂಗಲು ಶುರುಮಾಡಿ, ನಡುವೆ ಒಂದು ಕಡೆ ತಡೆದು ನಿಂತರು. ನನ್ನ ಉಸಿರೂ ನಿಂತಿತು. ಕೆಮ್ಮಿ, ಮತ್ತೆ ಹಿಡಿದು, ರಾಶಿ ಮುಗಿಸಿ, ಗೆದ್ದವರ ಹೆಸರನ್ನು ಸರಿಯಾಗಿ ಹೇಳಿದರು. ಎರಡು ಉಸಿರು ಹಿಡಿಯಿತು. ಮಂಡಿಯವರು ಒಪ್ಪಿಕೊಂಡರು. ಸೆರಗು ಸಡಿಲವಾಯಿತು.

ಆ ನವೆಂಬರಿನಲ್ಲಿ ಮತ್ತೆ ನನ್ನ ಭಾಷಣ. ಮುಂದಿನ ಸಾಲಿನಲ್ಲಿ ಕಣ್ಣು ಅಗಲಿಸಿ ಕೂತಿದ್ದ ಮುನಿಆಂಜಿನಪ್ಪನವರು ಹತ್ತನೇ ನಿಮಿಷಕ್ಕೆ ಎದ್ದು ಹೊರಟರು. ಮುಗಿದ ಮೇಲೆ ಟೀ ಅಂಗಡಿಯಲ್ಲಿ ಹಿಡಿದೆ.

"ಹೋದ್ ವರ್ಷ ಕೊನೇವರೆಗೂ ಕೂತಿದ್ರಲ್ಲ ಯಜಮಾನ್ರೇ, ಈ ಸಲ ಯಾಕೆ ಎದ್ ಹೋದ್ರಿ?"

"ಎಚ್ಚರ ಇತ್ತು ಸಾರ್."