ಅಜ್ಜ ಸುಮ್ಮನೆ ಕೂತು ಕೇಳಿದ ಸಂಗೀತ

ಮೆಲ್ಬರ್ನ್‌ನಿಂದ ಸಿಡ್ನಿಗೆ ಹೋಗುವ ವಿಮಾನ ರದ್ದಾಗಬಹುದಿತ್ತು. ವಯೊಲಿನ್ ಪೆಟ್ಟಿಗೆಯನ್ನು ಒಳಗೆ ಬಿಡುವುದಿಲ್ಲ ಎನ್ನಬಹುದಿತ್ತು. ತಂತಿ ಹರಿಯಬಹುದಿತ್ತು, ಮಗಳಿಗೆ ಜ್ವರ ಬರಬಹುದಿತ್ತು, ಅವಳ ಜತೆಗೆ ಪಿಯಾನೊ ನುಡಿಸುವಾಕೆ ದಾರಿ ತಪ್ಪಬಹುದಿತ್ತು. ಧಾರವಾಡದಿಂದ ಬಂದಿದ್ದ ನನ್ನ ಅಪ್ಪನಿಗೆ ಸಭಾಂಗಣದ ಏಸಿಗೆ ಕೆಮ್ಮು ಹತ್ತಬಹುದಿತ್ತು. ಇವಿಷ್ಟನ್ನೂ ಮೆಲ್ಬರ್ನ್‌ನ ಅಂಚಿನ ಕ್ಲೈಡ್ ನಾರ್ತ್‌ನ ನಮ್ಮ ಅಡುಗೆಮನೆಯಲ್ಲಿ ನಿಂತೇ ಮುಂಗಡವಾಗಿ ಅನುಭವಿಸಿ ಮುಗಿಸಿದ್ದೆ. ಚಿಂತೆ ಮಾಡಲು ಸಂಬಳ ಕೊಡುವ ಕಂಪನಿಯಿದ್ದರೆ ಇಷ್ಟರಲ್ಲಿ ನಾನು ಅದರ ಮ್ಯಾನೇಜರ್.

ಸಿಡ್ನಿಯ ಕಛೇರಿಯಲ್ಲಿ ವಯೊಲಿನ್ ನುಡಿಸಲು ಮಗಳು ಆರಿಸಿಕೊಂಡ ರಚನೆಯೂ ಎದೆ ಹಗುರ ಮಾಡುವಂಥದ್ದಲ್ಲ. ಬರೆದಾತ ನೂರು ವರ್ಷಕ್ಕೂ ಹಿಂದಿನ ಇಂಗ್ಲೆಂಡಿನವನು. ತಾಯಿ ಇಂಗ್ಲಿಷ್ ಹೆಂಗಸು, ತಂದೆ ಪಶ್ಚಿಮ ಆಫ್ರಿಕಾದ ವೈದ್ಯ. ಬದುಕಿದ್ದಾಗ ದೊಡ್ಡ ದೊಡ್ಡ ಗಾಯನವೃಂದಗಳು ಅವನ ಸಂಗೀತ ಹಾಡಿದವು. ನಲವತ್ತು ತುಂಬುವ ಮೊದಲೇ ನ್ಯುಮೋನಿಯಾದಿಂದ ಸತ್ತ. ಆಮೇಲೆ ಹೆಚ್ಚುಕಡಿಮೆ ಎಲ್ಲರೂ ಮರೆತರು. ಈಗ ಕಛೇರಿಯ ಪಟ್ಟಿಗೆ ವೈವಿಧ್ಯ ಬೇಕೆನಿಸಿದಾಗ ಒಮ್ಮೆ ಕರೆಸಿ ಕಳಿಸಿಬಿಡುತ್ತಾರೆ.

"ಹಿ ಈಸ್ ಲೈಕ್ ಮಿ, ಅಮ್ಮಾ," ಎಂದಿದ್ದಳು. ಅವಳ ತಂದೆ ಇಲ್ಲಿಯ ಬಿಳಿಯ. ಶಾಲೆಯಲ್ಲಿ ಅವಳು ಇಂಡಿಯನ್, ನಮ್ಮವರ ರಾಜ್ಯೋತ್ಸವದಲ್ಲಿ ಆಸ್ಟ್ರೇಲಿಯನ್ ಹುಡುಗಿ. ಆ ವರ್ಷವೆಲ್ಲ ವಯೊಲಿನ್ ಬಿಡಲೇ ಎಂದು ಕೇಳುತ್ತಲೇ ಇದ್ದಳು. ಕೊನೆಗೆ, ಸಿಡ್ನಿಯಲ್ಲಿ ಅಜ್ಜ ಕೇಳಲಿ, ಆಮೇಲೆ ತೀರ್ಮಾನ ಎಂದಳು. ಪ್ರತಿ ಭಾನುವಾರ ಫೋನಿನಲ್ಲಿ ಸ್ವರ ಹೇಳಿಕೊಟ್ಟು ಅವಳ ಕಿವಿ ತಿದ್ದಿದವರು ಅವರೇ.

ಅಪ್ಪ ಹಿಂದೂಸ್ತಾನಿ ಸಂಗೀತದ ಬೈಠಕ್‌ಗಳಲ್ಲಿ ಬೆಳೆದವರು. ಅಲ್ಲಿ ಹಾಡಿನಲ್ಲಿ ಒಳ್ಳೆಯ ಜಾಗ ಬಂದಾಗ 'ವ್ಹಾ' ಎನ್ನದಿದ್ದರೆ ಹಾಡುವವರಿಗೆ ಅವಮಾನ. ಹಾಗಾಗಿ ಅವರನ್ನು ಕೂರಿಸಿಕೊಂಡು ಪಾಠ ಮಾಡಿದೆ.

"ಅಪ್ಪಾ, ಇಲ್ಲೆ ವ್ಹಾ ಅನ್ನಂಗಿಲ್ಲ. ತೊಡಿ ಮ್ಯಾಲೆ ತಾಳ ಹಾಕಂಗಿಲ್ಲ. ಭಾಗ ಭಾಗ ಮಾಡಿ ನುಡಸ್ತಾರ, ನಡುವ ಚಪ್ಪಾಳಿ ಹೊಡೀಬ್ಯಾಡ್ರಿ. ಪೂರಾ ಮುಗಿದ ಮ್ಯಾಲೆ ನಿಮ್ಮ ಮೊಣಕೈ ಮುಟ್ಟತೀನಿ, ಆಗ ಹೊಡೀರಿ."

"ನಾವು ಸಂಗೀತಕ್ಕ ಹೊಂಟೀವೋ, ಯಾರದರ ಮಣ್ಣಿಗೆ ಹೊಂಟೀವೋ?"

ಸಿಡ್ನಿಯಲ್ಲಿ ಮಗಳು ಅದ್ಭುತವಾಗಿ ನುಡಿಸಿದಳು. ಕೊನೆಯ ಭಾಗ ಮುಗಿದಾಗ ನಾನು ಅತ್ತು, ಮೂಗು ಒರೆಸಲು ಕೈಚೀಲದಲ್ಲಿ ಟಿಶ್ಯೂ ತಡಕುತ್ತಿದ್ದೆ. ಸುತ್ತ ಚಪ್ಪಾಳೆ ಎದ್ದಿತು. ಅವಳು ನೋಡಿದ್ದು ಅಜ್ಜನನ್ನು ಮಾತ್ರ. ಅವರು ಗ್ರೂಪ್ ಫೋಟೊಗೆ ಕೂತವರಂತೆ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದರು. ಅವಳು ತಲೆ ಬಾಗಿಸಿ ಒಳಗೆ ಹೋದಳು.

"ಮುಗೀತೇನು?" ಅಪ್ಪ ಗಾಬರಿಯಾದರು. "ನಡುವ ಹೊಡೀಬಾರದಂತ ಈ ಮಂದಿಗೆ ಯಾರೂ ತಿಳಿಸಿ ಹೇಳಿಲ್ಲ ಅಂದಕೊಂಡೆ!"

ನಾವು ಇಳಿದುಕೊಂಡಿದ್ದ, ದಿ ಪಾಂಡ್ಸ್ ಬಡಾವಣೆಯ ಗೆಳತಿಯ ಮನೆಗೆ ಮರಳುವಾಗ ಕಾರಿನಲ್ಲಿ ಅಪ್ಪ ಬಗೆಬಗೆಯಾಗಿ ಹೇಳಿದರು. "ಭಾಳ ಛಲೋ ನುಡಿಸಿದಿ ಪುಟ್ಟಿ. ನಿಮ್ಮವ್ವ ಹೇಳ್ಲಿ ಅಂತ ಕಾಯಾಕತ್ತಿದ್ದೆ."

"ಇಟ್ಸ್ ಓಕೆ ಅಜ್ಜಾ. ಯು ಡೋಂಟ್ ಹ್ಯಾವ್ ಟು ಸೇ ದಟ್," ಎಂದಳು, ಅಪರಿಚಿತರೊಡನೆ ಆಡುವ ನಯದ ದನಿಯಲ್ಲಿ.

ಅಪ್ಪ ಊರಿಗೆ ಮರಳಿದರು. ಭಾನುವಾರಗಳಲ್ಲಿ ಈಗ ಇಬ್ಬರೂ ಹವಾಮಾನದ ಬಗ್ಗೆ ಮಾತಾಡುತ್ತಾರೆ. ಬಾಡಿಗೆಯ ವಯೊಲಿನ್ ಅನ್ನು ಅಂಗಡಿಗೆ ಹಿಂತಿರುಗಿಸಿ ಬಂದೆವು. ಆ ರಚನಾಕಾರನನ್ನು ನಮ್ಮ ಮನೆಯಲ್ಲಿ ನೆನೆಯುವವರಿಲ್ಲ. ಆ ದಿನ ಸಿಡ್ನಿಯಲ್ಲಿ ಕೆಟ್ಟದ್ದು ಇಷ್ಟೇ: ಅಪ್ಪನ ಮೊಣಕೈಯನ್ನು ನಾನು ಮುಟ್ಟಲಿಲ್ಲ.